ಎರಡನೆಯ ಗುಂಡಿ

"ಒಳಗೆ ನಡಿ. ಕಾರು ಬೀದಿಯ ತಿರುವಿಗೆ ಬಂತು."

ಅಕ್ಕ ತಮ್ಮನ ಬೆನ್ನಿಗೆ ಕೈಕೊಟ್ಟು ಉಗ್ರಾಣದೊಳಕ್ಕೆ ನೂಕಿದಳು. ಅವನು ಹೊಸ್ತಿಲಿಗೆ ಕಾಲೂರಿ ನಿಂತ.

"ಹೊರಗಿನವರಿಗೆ ಬಾಗಿಲು ತೆಗೆದು ಮನೆಯವನಿಗೆ ಬೀಗ ಹಾಕೋದು ಯಾವ ನ್ಯಾಯ, ಅಕ್ಕಾ?"

"ಅವರು ಹೋಗೋ ತನಕ ಅಷ್ಟೇ. ನಿನ್ನ ಅಳಿಯನ, ನನ್ನ ಮಗನ ಮುಖ ನೋಡಿ ಸುಮ್ಮನಿರು."

"ನಾನೇನು ಕಚ್ತೀನಾ? ಒಂದೇ ಒಂದು ಪ್ರಶ್ನೆ ಕೇಳ್ತೀನಿ."

"ಆ ಪ್ರಶ್ನೆಗೇ ಈ ಬೀಗ."

ಹೊಸ ಬೀಗ ಕಟಕ್ಕೆಂದಿತು. ಆ ಬೆಳಿಗ್ಗೆ ಬೀದಿಯ ಹಲವು ಮನೆಗಳಲ್ಲಿ ಅದೇ ಸದ್ದಾಗಿತ್ತು.

ಕಾರು ತಯಾರಿಸುವ ಕಂಪನಿಯೊಂದು ಕಾರ್ಖಾನೆಗೆ ಜಾಗ ಹುಡುಕುತ್ತಿತ್ತು. ಕೊನೆಗೆ ಉಳಿದದ್ದು ಎರಡೇ ಊರು: ಇದು, ಮತ್ತು ನದಿಯ ಆಚೆ ದಡದ್ದು. ಆಚೆಯವರು ಬಿಟ್ಟಿ ಜಮೀನು ಕೊಡುತ್ತೇವೆಂದರು; ಈಚೆಯವರೂ ಎಂದರು. ಆಚೆಯವರು ತೆರಿಗೆ ಮನ್ನಾ ಮಾಡಿದರು, ಈಚೆಯವರೂ ಮಾಡಿದರು. ಇನ್ನು ಕಂಪನಿಯ ಸಮೀಕ್ಷಕರು ಬಂದು ಜನರನ್ನು ನೋಡುವುದಷ್ಟೇ ಬಾಕಿ.

ಸ್ವಾಗತ ಸಮಿತಿಗೆ ಅಕ್ಕನೇ ಮುಖ್ಯಸ್ಥೆ. ಗೋಡೆಗಳಿಗೆ ಸುಣ್ಣ ಹೊಡೆಸಿದವಳು ಅವಳು. ಎರಡೂ ಊರಿನವರು ದುಡಿಯುತ್ತಿದ್ದ, ಈಗ ಮುಚ್ಚಿಹೋದ ಹಳೆಯ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಕೈ ಕಳೆದುಕೊಂಡವರು ಆ ದಿನ ಕಣ್ಣಿಗೆ ಬೀಳಕೂಡದು ಎಂದವಳೂ ಅವಳೇ. ನೆಂಟರು ಬರುವಾಗ ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕುವುದಿಲ್ಲವೇ? ಸಭೆಯಲ್ಲಿ ಯಾರೂ ಎದುರಾಡಲಿಲ್ಲ. ಕೈಯಿಲ್ಲದವರನ್ನು ಸಭೆಗೆ ಕರೆದೇ ಇರಲಿಲ್ಲ.

ತಗಡನ್ನು ಒತ್ತಿ ಆಕಾರ ಕೊಡುವ ಆ ಪ್ರೆಸ್ ಯಂತ್ರಕ್ಕೆ ಎರಡು ಗುಂಡಿಗಳಿದ್ದವು. ಎರಡೂ ಕೈಗಳಿಂದ ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಅಚ್ಚು ಕೆಳಗಿಳಿಯಬೇಕು; ಆಗ ಕೈ ಅಚ್ಚಿನಡಿ ಇರಲು ಸಾಧ್ಯವೇ ಇಲ್ಲ. ಕೆಲಸ ನಿಧಾನವಾಯಿತೆಂದು ಮೇಲಿನವರು ಎರಡನೆಯ ಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಅದಕ್ಕೆ ಮರದ ಬೆಣೆ ಹೊಡೆಸಿದರು. ಅಂದಿನಿಂದ ಒಂದು ಕೈ ಒತ್ತುತ್ತಿತ್ತು, ಇನ್ನೊಂದು ತಗಡು ಸರಿಸುತ್ತಿತ್ತು. ತಮ್ಮನ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಬೀದಿಯವರು ಅವನಿಗೆ ಚಿಟಿಕೆ ಎಂದು ಹೆಸರಿಟ್ಟರು. ಅವನೂ ನಕ್ಕು ಓಗೊಡುತ್ತಿದ್ದ.

ಸಮೀಕ್ಷಕರು ಮೆಲುದನಿಯ, ನರೆಗೂದಲಿನ ಹಿರಿಯರೊಬ್ಬರು. ಜಮೀನು, ನೀರು, ವಿದ್ಯುತ್ತಿನ ವಿಚಾರವನ್ನು ಸಹಾಯಕರಿಗೆ ಬಿಟ್ಟು, ತಾವು ಬೀದಿಯುದ್ದಕ್ಕೂ ಎಲ್ಲರ ಕೈ ಕುಲುಕುತ್ತ ಬಂದರು. ಮುಖಕ್ಕಿಂತ ಕೈಯನ್ನೇ ಹೆಚ್ಚು ನೋಡುತ್ತಿದ್ದರು. ದುಡಿದ ಕೈಯೋ ಅಲ್ಲವೋ ಪರೀಕ್ಷಿಸುತ್ತಿದ್ದಾರೆ ಎಂದುಕೊಂಡಳು ಅಕ್ಕ. ಮಗನನ್ನು ಮುಂದೆ ತಳ್ಳಿದಳು. ಫಿಟ್ಟರ್ ತರಬೇತಿ ಮುಗಿಸಿ ಬಸ್ ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ ಹುಡುಗ. ಸಮೀಕ್ಷಕರು ಅವನ ಕೈಯನ್ನು ತುಸು ಹೊತ್ತು ಹಿಡಿದಿದ್ದರು.

"ಒಳ್ಳೆಯ ಕೈ," ಎಂದರು. ಆಮೇಲೆ ಅಕ್ಕನ ಮನೆಯಲ್ಲಿ ಕೂತು ಚಹಾ ಗುಟುಕರಿಸುತ್ತ, "ಹಳೇ ಕಾರ್ಖಾನೆಯಲ್ಲಿ ಅಪಘಾತ ಆಗ್ತಿತ್ತಂತೆ?"

"ಆಗದವರು ಕಟ್ಟಿದ ಕಥೆ ಸಾರ್," ಎಂದಳು ಅಕ್ಕ. "ನಮ್ಮೂರಲ್ಲಿ ಅಂಥವರು ಒಬ್ಬರೂ ಇಲ್ಲ."

ಉಗ್ರಾಣದೊಳಗೆ ಡಬ್ಬವೊಂದು ಉರುಳಿತು.

"ಬೆಕ್ಕು," ಎಂದಳು ಅಕ್ಕ.

"ಪಾಪ, ಬಾಗಿಲು ತೆಗೀರಿ. ಉಸಿರು ಕಟ್ಟೀತು."

ತೆಗೆಯದೆ ಗತಿಯಿರಲಿಲ್ಲ. ತಮ್ಮ ಹೊರಬಂದು, ಬಟ್ಟೆಗಂಟಿದ ಹಿಟ್ಟು ಕೊಡವಿ, ನೆಟ್ಟಗೆ ಬಲಗೈ ಚಾಚಿದ. ಸಮೀಕ್ಷಕರು ಆ ಎರಡು ಬೆರಳುಗಳನ್ನು ಹಿಡಿದು ಕುಲುಕಿದರು.

"ಸಾರ್, ನಿಮ್ಮ ಪ್ರೆಸ್ಸಿನಲ್ಲಿ ಎರಡನೇ ಗುಂಡಿ..."

"ಮನೆಯಲ್ಲಿ ಮರ ಕೊಯ್ಯೋವಾಗ ಗರಗಸ ತಗುಲಿದ್ದು ಸಾರ್," ಅಕ್ಕನ ಮಾತು ನಡುವೆ ಬಿತ್ತು. "ಅಲ್ವೇನೋ?"

ತಮ್ಮ ಅಕ್ಕನನ್ನು ನೋಡಿದ. ಅವಳ ಹಿಂದೆ, ಇಸ್ತ್ರಿ ಮಾಡಿದ ಎರವಲು ಅಂಗಿಯಲ್ಲಿ ನಿಂತಿದ್ದ ಅಳಿಯನನ್ನೂ ನೋಡಿದ.

"ಹೌದು ಸಾರ್," ಎಂದ. "ಗರಗಸ. ನನ್ನದೇ ತಪ್ಪು."

ಸಮೀಕ್ಷಕರು ಬೇರೇನೂ ಕೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದ ಹೊಸ ಬೀಗವನ್ನು ಬೆರಳಿನಿಂದ ಒಮ್ಮೆ ತೂಗಿ ನೋಡಿದರು.

"ಮುಗೀತು," ಎಂದಳು ಅಕ್ಕ, ಕಾರು ಮರೆಯಾದ ಮೇಲೆ. "ನನ್ನ ಮಗನ ಅನ್ನಕ್ಕೆ ಮಣ್ಣು ಹಾಕಿದೆ ನೀನು." ತಮ್ಮ ಉರುಳಿದ ಡಬ್ಬವನ್ನು ಎತ್ತಿಡಲು ಉಗ್ರಾಣಕ್ಕೆ ಮರಳಿದ. ಅಂದಿನಿಂದ ಅವಳು ಅವನೊಂದಿಗೆ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಅವನ ಮುಂದಿಟ್ಟು ತಿರುಗಿ ನಡೆಯುತ್ತಿದ್ದಳು.

ತಿಂಗಳು ಕಳೆಯುವುದರೊಳಗೆ ಕಂಪನಿ ಈ ಊರನ್ನೇ ಆರಿಸಿತು.

ಪುರಭವನ ಚಪ್ಪಾಳೆಯಿಂದ ನಡುಗಿತು. ಮೊದಲು ಕೆಲಸಕ್ಕೆ ಕರೆದವರಲ್ಲಿ ಮಗನೂ ಇದ್ದ. "ಅಮ್ಮಾ, ಪ್ರೆಸ್ ವಿಭಾಗ!" ಎಂದು ವೇದಿಕೆಯಿಂದಲೇ ಕೂಗಿ ಎರಡೂ ಕೈಗಳನ್ನು ಮೇಲೆತ್ತಿ ಬೀಸಿದ. ಬಾಗಿಲ ಬಳಿ ನಿಂತಿದ್ದ ತಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಅಕ್ಕ ಸಮೀಕ್ಷಕರನ್ನು ಪಕ್ಕಕ್ಕೆ ಕರೆದಳು. ಸಂತೋಷದ ಒಳಗೆ ಮುಳ್ಳೊಂದು ಉಳಿದಿತ್ತು.

"ಆಚೆ ದಡದಲ್ಲಿ ರಸ್ತೆ ಅಗಲ, ನೀರೂ ಹೆಚ್ಚು. ಸಾಲದ್ದಕ್ಕೆ ನನ್ನ ತಮ್ಮ ಬೇರೆ ನಿಮ್ಮ ಕಣ್ಣಿಗೆ ಬಿದ್ದ. ಆದ್ರೂ ನಮ್ಮನ್ನೇ ಯಾಕೆ ಆರಿಸಿದ್ರಿ ಸಾರ್?"

ಅವರು ವೇದಿಕೆಯ ಮೇಲೆ ಬೀಸುತ್ತಿದ್ದ ಕೈಗಳನ್ನು ನೋಡುತ್ತಲೇ, ಮೆಚ್ಚುಗೆಯ ಮೆಲುದನಿಯಲ್ಲಿ ಹೇಳಿದರು:

"ಅಲ್ಲಿ ಕೈ ಕಳೆದುಕೊಂಡವರನ್ನು ಮುಂದಿನ ಸಾಲಲ್ಲಿ ಕೂರಿಸಿದ್ದರಮ್ಮ. ಇಲ್ಲಿ, ನಾವು ಕೇಳುವ ಮೊದಲೇ ನೀವೇ ಅವರನ್ನು ಒಳಗಿಟ್ಟು ಬೀಗ ಹಾಕಿದ್ರಿ."