ಸೊಟ್ಟ ಹೊಲಿಗೆ

ಸಾವಂತ್ರವ್ವ ದಿನಾ ಬೆಳಿಗ್ಗೆ ಆರು ಮೈಲಿ ಸೈಕಲ್ ತುಳಿದು ಕಾರ್ಖಾನೆಗೆ ಬರುತ್ತಿದ್ದಳು. ಚಳಿಗಾಲದಲ್ಲಿ ಹ್ಯಾಂಡಲ್ ಹಿಡಿದ ಬೆರಳುಗಳು ಮರಗಟ್ಟಿ ಬ್ರೇಕ್ ಒತ್ತಲೂ ಆಗುತ್ತಿರಲಿಲ್ಲ. ಕೈಗೆ ಗಂಡನ ಹಳೆಯ ಕಾಲುಚೀಲ ಏರಿಸಿ ನೋಡಿದಳು; ಗಾಳಿ ಅದರೊಳಗೂ ನುಗ್ಗಿತು.

ಕಾರ್ಖಾನೆಯಲ್ಲಿ ಅವಳು ಹೊಲಿಯುತ್ತಿದ್ದುದು ಹೊರದೇಶಕ್ಕೆ ಹೋಗುವ ದಪ್ಪ ಕೈಗವಸು. ಸೆಟೆದುಕೊಂಡ ಬೆರಳಿನಿಂದಾಗಿ ಮೊದಲ ಒಂದು ತಾಸು ಹೊಲಿಗೆ ಸೊಟ್ಟಗಾಗುತ್ತಿತ್ತು. ಸೂಪರ್‌ವೈಸರ್ ಅಂಥವನ್ನು ಆರಿಸಿ ರಿಜೆಕ್ಟ್ ಚೀಲಕ್ಕೆ ಎಸೆಯುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಸಾಹೇಬ್ರ, ಆ ಚೀಲದಾಗಿನ್ದು ಒಂದು ಜೋಡಿ ಕೊಡ್ರಿ. ಕೈ ಬೆಚ್ಚಗಿದ್ರ ಹೊಲಿಗಿ ಸೊಟ್ಟ ಆಗಂಗಿಲ್ಲ.”

“ನಿನಗ ಕೊಟ್ರ ನಾಳೆ ಎಲ್ಲಾರೂ ಬೇಕಂತ ಸೊಟ್ಟ ಹೊಲಿತಾರ. ಕಂಪನಿ ಮಾಲು ಗೇಟ್ ದಾಟಂಗಿಲ್ಲವ್ವ.”

“ಬರೇ ಹಾದ್ಯಾಗ ಹಾಕ್ಕೋತೀನ್ರಿ. ಬಂದ ಕೂಡ್ಲೆ ತಿರುಗಿ ಕೊಡ್ತೀನಿ.”

“ಆಗಂಗಿಲ್ಲ ಅಂದ್ನೆಲ್ಲ.”

ಮರುದಿನ ಚಳಿ ಇನ್ನೂ ಜೋರಾಗಿತ್ತು. ಗೇಟಿನ ಬಳಿ ಸೈಕಲ್ ನಿಲ್ಲಿಸಿದರೂ ಅವಳ ಬೆರಳುಗಳು ಹ್ಯಾಂಡಲ್ ಬಿಡಲಿಲ್ಲ. ಅದನ್ನು ಕಂಡ ಸೂಪರ್‌ವೈಸರನ ಮನಸ್ಸು ಕರಗಿತು. ಅವಳನ್ನು ಕಾರ್ಖಾನೆಯ ಹಿಂದೆ ಉರಿಯುತ್ತಿದ್ದ ಬೆಂಕಿಯ ಬಳಿ ಕರೆದ.

“ಬಾರವ್ವ, ಕೈ ಕಾಸ್ಕೋ. ಆಮ್ಯಾಲೆ ಒಳಗ ಹೋಗೀಯಂತ.”

“ನಿಮ್ಮ ಪುಣ್ಯಾರಿ ಸಾಹೇಬ್ರ,” ಎಂದು ಅವಳು ಎರಡೂ ಕೈ ಚಾಚಿ ಕುಕ್ಕರಗಾಲಲ್ಲಿ ಕುಳಿತಳು. ಬೆರಳುಗಳಿಗೆ ನಿಧಾನವಾಗಿ ಜೀವ ಬಂತು.

ಉರಿ ಇಳಿಯುತ್ತಿದ್ದಂತೆ ಅವನು ಪಕ್ಕದಲ್ಲಿದ್ದ ರಿಜೆಕ್ಟ್ ಚೀಲ ಎತ್ತಿ, ಅವಳು ಹೊಲಿದಿದ್ದ ಕೈಗವಸುಗಳನ್ನೆಲ್ಲ ಬೆಂಕಿಗೆ ಸುರಿದ.