ನೀಲಿ ಮಾತ್ರೆ

ಮಗಳಿಗೆ ಕಬ್ಬಿಣಾಂಶದ ನೀಲಿ ಮಾತ್ರೆ ಬಿಡಿಸಿ ಕೊಡುವಾಗಲೆಲ್ಲ ನನ್ನ ಮೂಗಿಗೆ ತಿಪ್ಪೆಯ ವಾಸನೆ ಬಡಿಯುತ್ತದೆ.

ಬಂಗಾರಪೇಟೆ ಪಕ್ಕದ ನಮ್ಮೂರಿಗೆ, ನಾನು ಹುಡುಗಿಯಾಗಿದ್ದಾಗ, ಒಂದು ಮಧ್ಯಾಹ್ನ ಬಂದ ನರ್ಸಮ್ಮ ನನ್ನ ಅಂಗೈಗೆ ಅಂಥದ್ದೇ ಮಾತ್ರೆ ಇಟ್ಟರು. ಅಪ್ಪ ಅವರ ಕೆನ್ನೆಗೆ ಬಾರಿಸಿ, ಮಾತ್ರೆಗಳ ಚೀಲವನ್ನು ತಿಪ್ಪೆಗೆ ಎಸೆದ. "ನನ್ ಮಗಳ್ನ ಬಂಜೆ ಮಾಡಕ್ ಬಂದಿದ್ದೀಯೇನೇ?"

ಹಾಲಿನ ಕ್ಯಾನು ತೊಳೆಯುತ್ತಿದ್ದ ಅಜ್ಜಿ ಎದ್ದವಳೇ ಅದನ್ನು ಮಗನ ಮುಖಕ್ಕೆ ಬೀಸಿದಳು. ಅಪ್ಪ ಕುಸಿದ.

"ನಿನ್ ತಂಗಿ ಎರಿಗೇಲಿ ರಗ್ತ ಸಾಲ್ದೆ ಸತ್ತೋದಾಗ ಎಲ್ಲೋಗಿದ್ಯಲಾ? ಬಿದ್ದಿರೋದ್ನೆಲ್ಲ ಆಯ್ಕೊ!"

ಅಪ್ಪ ಮಂಡಿಯೂರಿ ಸಗಣಿಯಲ್ಲಿ ಕೈಯಾಡಿಸಿ ಮಾತ್ರೆಗಳನ್ನು ಆಯ್ದ. ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. ನನ್ನ ಬೆವೆತ ಮುಷ್ಟಿಯಲ್ಲಿ ಮಾತ್ರೆ ನೀಲಿ ಬಿಟ್ಟಿತ್ತು.

ಅಜ್ಜಿ ಕ್ಯಾನು ಕೆಳಗಿಡದೆಯೇ ನನ್ನತ್ತ ತಿರುಗಿದಳು.

"ನಿಮ್ಮತ್ತೇಗೆ ಯಾರೂ ಕೊಡ್ಲಿಲ್ಲ ಕಣೇ. ನುಂಗು."