ಖಾಲಿ ಖೋಲಿ

ಕಟ್ಟಡದ ಬಿಸಿಯನ್ನು ಬೀದಿಗೆ ಬಿಡಬಾರದೆಂಬ ಕಾನೂನು ಬಂದು ಹನ್ನೊಂದು ವರ್ಷವಾಯಿತು. ಕಲಬುರಗಿಯಲ್ಲಿ ಯಾವ ಆಫೀಸು ಕಟ್ಟಿದರೂ ತನ್ನ ಬಿಸಿಯನ್ನು ತಾನೇ ನುಂಗಬೇಕು. ನಾನು ಬಿಸಿಕೊಳವೆ ಹಾಕುವ ಮೇಸ್ತ್ರಿ. ಆರು ಮಹಡಿಗಳ ಬಿಸಿಯೆಲ್ಲ ಕೆಳಗಿನ ಒಂದು ಖಾಲಿ ಕೋಣೆಗೆ ಇಳಿಯುತ್ತದೆ. ಅಲ್ಲಿ ಯಾರೂ ಇಲ್ಲವೆಂದು ನಾನು ಸಹಿ ಹಾಕಿದರೆ ಮಾತ್ರ ಮೇಲಿನವರಿಗೆ ತಂಪು.

ಈ ಹೊಸ ಆಫೀಸಿನ ಖಾಲಿ ಕೋಣೆಯ ಬಾಗಿಲು ತೆಗೆದರೆ, ಒಳಗೆ ಕಸ ಗುಡಿಸುವ ಚಂದಮ್ಮ ಮತ್ತು ಮೂವರು ಹೆಂಗಸರು ರೊಟ್ಟಿ ತಿನ್ನುತ್ತಿದ್ದರು.

"ಊಟಕ್ಕ ಬರ್ರಿ ಮೇಸ್ತ್ರಿ," ಎಂದಳು ಚಂದಮ್ಮ. "ನಮಗ ಕೊಟ್ಟ ಖೋಲಿ ಇದೊಂದೇ."

ನನ್ನ ಮೈ ಉರಿಯಿತು. ನಕ್ಷೆ ಬರೆದ ಇಂಜಿನಿಯರ್ ನಿರಂಜನನನ್ನು ಎಳೆದು ತಂದು ಬಾಗಿಲಲ್ಲಿ ನಿಲ್ಲಿಸಿದೆ.

"ಇದು ಖಾಲಿ ಏನ್ರೀ? ಕಣ್ಣು ಕಾಣ್ತಾವೋ ಇಲ್ಲೋ?"

ಅವನು ನಕ್ಷೆಯನ್ನೇ ನೋಡಿದ. "ಇವರೆಲ್ಲ ಗುತ್ತಿಗೆಯವರು. ತಲೆ ಲೆಕ್ಕದಲ್ಲಿ ಬರೋದಿಲ್ಲ. ಸಹಿ ಹಾಕಿ, ನಾಳೆ ಉದ್ಘಾಟನೆ."

"ಎಪ್ಪತ್ತು ಡಿಗ್ರಿ ಬಿಸಿ ಇಳೀತದ. ಕುಂತಲ್ಲೇ ಬೇಯ್ತಾರ!"

"ಹೊರಗೆ ಕೂತು ತಿನ್ನಲಿ."

"ಹೊರಗ ಐವತ್ಮೂರು ಅದ. ನೀವು ಕೂತು ತೋರಸ್ರಿ!"

ಅವನು ಪೆನ್ನು ಚಾಚಿದ. ನಾನು ಮುಟ್ಟಲಿಲ್ಲ.

"ನಾನೂ ಗುತ್ತಿಗೆಯವನೇ ಸಾಹೇಬ್ರ. ನಿಮ್ಮ ಲೆಕ್ಕದಾಗ ನಾ ಇಲ್ಲೇ ಇಲ್ಲ. ಇಲ್ಲದವ ಸಹಿ ಹ್ಯಾಂಗ ಹಾಕ್ತಾನ?"

ಚಂದಮ್ಮ ಸರಿದು ಜಾಗ ಮಾಡಿದಳು. ಬೂಟು ಬಿಚ್ಚಿ, ಖಾಲಿ ಕೋಣೆಯಲ್ಲಿ ನಾನು ಐದನೆಯವನಾಗಿ ಕುಳಿತೆ.